ಆಟದ ಆಕಾಶವೂ ಪ್ರಮಾಣವಿಚಾರವೂ

2011ರಲ್ಲಿ ಮೊದಲು ಹೊರಬಂದು 2015ರಲ್ಲಿ ಪೂರ್ಣರೂಪ ಪಡೆದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಕಂಪ್ಯೂಟರ್ ಆಟದಲ್ಲಿ ವಿದ್ಯಾರ್ಥಿಗಳು ಎಂಜಿನ್, ಇಂಧನದ ಟ್ಯಾಂಕು, ಪ್ಯಾರಾಚೂಟುಗಳನ್ನು ಜೋಡಿಸಿ ರಾಕೆಟ್ ಕಟ್ಟುತ್ತಾರೆ, ಹಾರಿಸುತ್ತಾರೆ, ಹಲವು ಸಲ ಬೀಳಿಸುತ್ತಾರೆ. ಮೆಕ್ಸಿಕೋ ನಗರದಲ್ಲಿ ಹುಟ್ಟಿದ ಈ ಆಟಕ್ಕೆ ಶಾಲೆಗಳಿಗೆಂದೇ ಒಂದು ಆವೃತ್ತಿಯೂ ಬಂದಿತು. ಅದರೊಳಗಿನ ಕರ್ಬಿನ್ ಗ್ರಹದ ತ್ರಿಜ್ಯ 600 ಕಿಲೋಮೀಟರ್, ಅಂದರೆ ಭೂಮಿಯ ತ್ರಿಜ್ಯದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಅದರ ನೆಲದ ಮೇಲಿನ ಗುರುತ್ವ ಭೂಮಿಯದಷ್ಟೇ. ಅಂಥ ಗೋಳವೊಂದು ನಿಜವಾಗಿ ಇರಬೇಕಾದರೆ ಅದು ಭೂಮಿಗಿಂತ ಹತ್ತು ಪಟ್ಟು ಸಾಂದ್ರವಾಗಿರಬೇಕು, ಯಾವ ಲೋಹವೂ ಅಷ್ಟು ಸಾಂದ್ರವಲ್ಲ. ಹೀಗೆ ಇರಲಾರದ ಲೋಕದಲ್ಲಿ ಕಲಿತದ್ದು ಇರುವ ಲೋಕದ ಜ್ಞಾನವಾಗಬಲ್ಲುದೇ ಎಂಬುದು ಪ್ರಮಾಣದ, ಅಂದರೆ ಯಥಾರ್ಥಜ್ಞಾನದ ಸಾಧನದ, ಪ್ರಶ್ನೆಯಾಗಿದೆ.

ಕಲಿಕೆ ನಡೆಯುವುದಂತೂ ನಿಶ್ಚಯ. ಒಂದೇ ಕಕ್ಷೆಯಲ್ಲಿ ಮುಂದೆ ಸಾಗುತ್ತಿರುವ ನೌಕೆಯನ್ನು ಹಿಡಿಯಹೊರಟ ವಿದ್ಯಾರ್ಥಿ ಅದರತ್ತ ಮೂತಿ ತಿರುಗಿಸಿ ಎಂಜಿನ್ ಉರಿಸುತ್ತಾನೆ. ವೇಗ ಹೆಚ್ಚಿದಂತೆ ಕಕ್ಷೆ ಮೇಲಕ್ಕೆ ಹಿಗ್ಗಿ, ಸುತ್ತಿನ ಅವಧಿ ದೀರ್ಘವಾಗಿ, ನೌಕೆ ಇನ್ನಷ್ಟು ಹಿಂದೆ ಬೀಳುತ್ತದೆ. ಮುಂದಿನದನ್ನು ಹಿಡಿಯಲು ಮೊದಲು ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕೆಂಬುದು ಮೂರು ನಾಲ್ಕು ಸಲ ಸೋತ ಮೇಲೆ ಕೈಗೇ ತಿಳಿಯುತ್ತದೆ. 1965ರ ಜೂನ್‌ನಲ್ಲಿ ಜೆಮಿನಿ 4ರ ಗಗನಯಾನಿ ಜೇಮ್ಸ್ ಮೆಕ್‌ಡಿವಿಟ್, ತಮ್ಮನ್ನು ಮೇಲಕ್ಕೊಯ್ದ ರಾಕೆಟ್ಟಿನ ಖಾಲಿ ಹಂತವನ್ನು ಸಮೀಪಿಸಲು ಹೋಗಿ ಇದೇ ತೊಡಕಿಗೆ ಸಿಕ್ಕು, ಇಂಧನ ಕರಗಿದ್ದರಿಂದ ಪ್ರಯತ್ನವನ್ನೇ ಕೈಬಿಡಬೇಕಾಯಿತು.

ಜ್ಞಾನದ ಯಥಾರ್ಥತೆ ಸಫಲಪ್ರವೃತ್ತಿಯಿಂದ, ಎಂದರೆ ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ, ತಿಳಿಯುತ್ತದೆ ಎಂಬುದು ನೈಯಾಯಿಕರ, ಎಂದರೆ ನ್ಯಾಯದರ್ಶನದ ತಾರ್ಕಿಕರ, ಮತ. ನೀರೆಂದು ತಿಳಿದು ಹೋದವನ ಬಾಯಾರಿಕೆ ಇಂಗಿದರೆ ಅದು ನೀರು, ಇಂಗದಿದ್ದರೆ ಮರೀಚಿಕೆ. ಆದರೆ ಈ ಪರೀಕ್ಷೆ ಇಲ್ಲಿ ಸಾಲದು, ಏಕೆಂದರೆ ಆಟದ ರಾಕೆಟ್ ಫಲಿಸುವುದು ಆಟದ ನಿಯಮಗಳೊಳಗೇ. ಗೌಡಪಾದರ ಮಾಂಡೂಕ್ಯಕಾರಿಕೆ ಎತ್ತುವ ಆಕ್ಷೇಪವೂ ಈ ಜಾಡಿನದೇ: ಎಚ್ಚರದಲ್ಲಿ ಪ್ರಯೋಜನಕ್ಕೆ ಬರುವ ವಸ್ತು ಕನಸಿನಲ್ಲಿ ಬಾರದು, ಅದರ ಭಾಷ್ಯ ಹೇಳುವಂತೆ ಹೊಟ್ಟೆತುಂಬ ಉಂಡು ಮಲಗಿದವನೂ ಕನಸಿನಲ್ಲಿ ಹಸಿಯುತ್ತಾನೆ, ಆದ್ದರಿಂದ ಪ್ರಯೋಜನವೊಂದೇ ಸತ್ಯದ ಗುರುತಾಗಲಾರದು.

ಇಲ್ಲಿ ನೆರವಿಗೆ ಬರುವುದು ಉಪಮಾನ, ಎಂದರೆ ಸಾದೃಶ್ಯದಿಂದ ಹುಟ್ಟುವ ತಿಳಿವಳಿಕೆ. ಗವಯವೆಂಬ ಕಾಡುಮೃಗ ಹಸುವಿನಂತಿರುತ್ತದೆ ಎಂದು ಕಾಡಿನವನೊಬ್ಬನಿಂದ ಕೇಳಿದ ಊರಿನವನು, ಮುಂದೆ ಕಾಡಿನಲ್ಲಿ ಅದನ್ನು ಕಂಡು ಗವಯವೆಂದರೆ ಇದೇ ಎಂದು ಗುರುತಿಸುತ್ತಾನೆ. ಈ ಹಳೆಯ ದೃಷ್ಟಾಂತದಲ್ಲಿ ಹಸುವಿನಷ್ಟೇ ಮುಖ್ಯನಾದವನು ಆ ಕಾಡಿನವನು, ತರಗತಿಯಲ್ಲಿ ಆ ಸ್ಥಾನ ಅಧ್ಯಾಪಕರದು. ಸಾದೃಶ್ಯ ಎಲ್ಲಿಯವರೆಗೆ ಎಂಬುದನ್ನು ಆಟ ತಾನಾಗಿ ಹೇಳದು. ಅದರಲ್ಲಿ ನೌಕೆಯನ್ನು ಒಂದು ಹೊತ್ತಿಗೆ ಒಂದೇ ಆಕಾಶಕಾಯ ಸೆಳೆಯುತ್ತದೆ. ನಿಜವಾದ ಬಾಹ್ಯಾಕಾಶದಲ್ಲಿ ಎಲ್ಲ ಕಾಯಗಳೂ ಒಟ್ಟಿಗೇ ಸೆಳೆಯುತ್ತವೆ. 2024ರ ಜನವರಿ 6ರಂದು ಇಸ್ರೋದ ಆದಿತ್ಯ-ಎಲ್1 ನೌಕೆ ಸೇರಿದ್ದು, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯ-ಭೂಮಿಗಳ ಸೆಳೆತಗಳು ಕೂಡಿ ಉಂಟುಮಾಡಿದ ಸಮತೋಲನದ ಬಿಂದುವಿನ ಸುತ್ತಣ ಕಕ್ಷೆಯನ್ನು. ಆಟದ ಮೂಲರೂಪದಲ್ಲಿ ಅಂಥ ಬಿಂದುವೇ ಇಲ್ಲ. ಇದನ್ನು ತಿಳಿಸಿ ಹೇಳುವವರು ಇಲ್ಲವಾದರೆ ವಿದ್ಯಾರ್ಥಿ ಹಸುವನ್ನೇ ಗವಯವೆಂದು ನಂಬಿ ಹೊರಡುತ್ತಾನೆ.

ಇದಕ್ಕಿಂತ ಗಂಭೀರವಾದದ್ದು ಕರ್ಮದ ಪ್ರಶ್ನೆ. ಮಾಡಿದ ಕರ್ಮ ಫಲಕೊಡದೆ ಅಳಿಯುವುದನ್ನು ಶಾಸ್ತ್ರಕಾರರು ಕೃತಹಾನಿ ಎಂಬ ದೋಷವಾಗಿ ಎಣಿಸಿದರು. ಆಟದಲ್ಲಾದರೋ ಅದೇ ವಾಡಿಕೆ. ರಾಕೆಟ್ ಸಿಡಿದು ಒಳಗಿದ್ದವರು ಸತ್ತರೆ ಒಂದು ಗುಂಡಿ ಒತ್ತಿ ಉಡಾವಣೆಯ ಮುಂಚಿನ ಗಳಿಗೆಗೆ ಮರಳಬಹುದು. ನಿರ್ಭಯವಾಗಿ ತಪ್ಪುಮಾಡಿ ಕಲಿಯಲು ಈ ಸೌಲಭ್ಯ ಬೇಕು, ಅದನ್ನು ಹಳಿಯುವುದು ಸಲ್ಲದು. ಆದರೆ ಕೊಲಂಬಿಯಾ ನೌಕೆ ಮೇಲೇರುವಾಗ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡೊಂದು ರೆಕ್ಕೆಯ ಅಂಚಿಗೆ ಬಡಿಯಿತು, ಹದಿನಾರು ದಿನಗಳ ಬಳಿಕ, 2003ರ ಫೆಬ್ರವರಿ 1ರಂದು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮರಳಲಿಲ್ಲ. ರಾಕೆಟ್ ವಿದ್ಯೆಯನ್ನು ಕಲಿಸುವವರು ಈ ಅಂತರವನ್ನು ಮಾತಿನಲ್ಲಷ್ಟೇ ಹೇಳಿ ಬಿಡಬಾರದು. ಹಿಂದಕ್ಕೆ ಮರಳುವ ಅನುಕೂಲವನ್ನು ತೆಗೆದುಹಾಕುವ ಆಯ್ಕೆ ಆಟದಲ್ಲೇ ಇದೆ; ವರ್ಷದ ಕೊನೆಯ ಹಾರಾಟಕ್ಕಾದರೂ ಅದನ್ನು ತೆಗೆಯಬೇಕು. ಆಗ ಉಡಾವಣೆಯ ಕೀಲಿಯ ಮೇಲೆ ಬೆರಳಿಟ್ಟ ವಿದ್ಯಾರ್ಥಿ ಕೈ ಹಿಂತೆಗೆದು, ಎಂಜಿನ್ ಹೊತ್ತುವ ಹಂತದಲ್ಲೇ ಪ್ಯಾರಾಚೂಟೂ ಬಿಚ್ಚಿಕೊಳ್ಳುವಂತೆ ಜೋಡಿಸಿಬಿಟ್ಟಿದ್ದೇನೆಯೇ ಎಂದು ಹಂತಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡುತ್ತಾನೆ.