ಮೈಕಿಲ್ಲದ ನಾದಕ್ಕೆ ಕಿವಿ ಕೊಡು

ವಿಠಲಾ, ಬ್ಯಾಟರಿ ಗಾಡಿಯಲ್ಲಿ ಬಂದು, ಕಲ್ಲಿನ ತೇರನ್ನು ಬಳಸಿ, ಹಂಪಿಯ ನಿನ್ನ ಗುಡಿಯ ಮುಂದೆ ನಿಂತಿದ್ದೇನೆ. ಒಳಗೆ ನೀನಿಲ್ಲ. ಸಂತ ಭಾನುದಾಸರು ನಿನ್ನನ್ನು ಪಂಢರಪುರಕ್ಕೆ ಕರೆದೊಯ್ದರೆಂದು ಹಿರಿಯರು ಹೇಳುತ್ತಾರೆ. ಆದರೂ ಹೊಸಪೇಟೆಯವಳಾದ ನನಗೆ ಏನಾದರೂ ಒಪ್ಪಿಸಬೇಕೆನಿಸಿದರೆ ಕಾಲು ಇಲ್ಲಿಗೇ ಬರುತ್ತದೆ. ಇವತ್ತು ಹೂವು, ಕಾಯಿ ತಂದಿಲ್ಲ. ಮುಂಬೈಯಲ್ಲಿ ಕೇಳಿದ ಒಂದು ಸಂಜೆಯನ್ನು ತಂದಿದ್ದೇನೆ.

ನಿನ್ನ ಈ ಮಂಟಪದ ಕಂಬಗಳನ್ನು ಈಗ ಯಾರೂ ಮುಟ್ಟುವಂತಿಲ್ಲ. ಮುಟ್ಟದಿರುವುದೇ ಸರಿ, ಕಂಡಕಂಡವರೆಲ್ಲ ಬಡಿದು ಬಡಿದು ಕಲ್ಲೂ ದಣಿದಿತ್ತು. ಆದರೆ ನಾನು ಚಿಕ್ಕವಳಿದ್ದಾಗ ಗೈಡೊಬ್ಬರು ಬೆರಳಿಂದ ಒಂದು ಕಂಬ ತಟ್ಟಿ, ಪಕ್ಕದ ಕಂಬಕ್ಕೆ ಕಿವಿಯಿಡಲು ಹೇಳಿದ್ದರು. ಕೆನ್ನೆಗೆ ತಣ್ಣಗಿನ ಕಲ್ಲು, ಅದರೊಳಗಿಂದ ಸಣ್ಣ ಗಂಟೆಯ ದನಿ. ಉಸಿರು ಬಿಗಿಹಿಡಿಯದೆ ಅದು ಕೇಳುತ್ತಲೇ ಇರಲಿಲ್ಲ. ನಾದದ ಹತ್ತಿರ ನಾವೇ ಹೋಗಬೇಕು ಎಂಬುದನ್ನು ನೀನು ಅವತ್ತು ಕಲಿಸಿದ್ದೆ. ಆಮೇಲೆ ನಾನು ಮರೆತೆ.

ಅದನ್ನು ಮತ್ತೆ ನೆನಪಿಸಿದ್ದು ಮುಂಬೈಯ ನಾರಿಮನ್ ಪಾಯಿಂಟಿನ ಕಲಾಕೇಂದ್ರ ಎನ್‌ಸಿಪಿಎ. ಅಲ್ಲಿನ ಜಮ್‌ಶೆಡ್ ಭಾಭಾ ರಂಗಮಂದಿರಕ್ಕೆ ಮಗ ಕರೆದುಕೊಂಡು ಹೋಗಿದ್ದ. ಸಾವಿರಕ್ಕೂ ಹೆಚ್ಚು ಕುರ್ಚಿಗಳ ಆ ಸಭಾಂಗಣದಲ್ಲಿ ನಾನು ಮೊದಲು ಹುಡುಕಿದ್ದು ಮೈಕನ್ನು. ಇರಲಿಲ್ಲ. ಎಪ್ಪತ್ತೆಂಬತ್ತು ಜನ ವಾದ್ಯಗಾರರು ಬಂದು ಕೂತರು, ತಲೆಗೊಂದು ರಾಗವೆಂಬಂತೆ ಗಿಜಿಗಿಜಿ. ಮುಂದಿನ ಸಾಲಿನ ಪಿಟೀಲಿನಾಕೆ ಎದ್ದು ನಿಂತರು. ಓಬೋ ಎಂಬ ವಾದ್ಯ, ನಮ್ಮ ಶಹನಾಯಿಯ ಬಳಗದ್ದೇ, ಒಂದು ಸ್ವರ ಹಿಡಿಯಿತು. ಅಷ್ಟೂ ವಾದ್ಯಗಳು ಆ ಒಂದು ಎಳೆಗೆ ಬಂದು ಸೇರಿಕೊಂಡವು. ನನ್ನ ಕಣ್ಣು ಒದ್ದೆಯಾಯಿತು ವಿಠಲಾ. ಕಛೇರಿ ಇನ್ನೂ ಶುರುವೇ ಆಗಿರಲಿಲ್ಲ, ಅದು ಬರೀ ಶ್ರುತಿ. ಆದರೆ ಅಷ್ಟು ಜನ ಒಬ್ಬನ ಉಸಿರನ್ನು ನಂಬಿದ್ದನ್ನು ನಾನು ಬೇರೆಲ್ಲಿ ಕಂಡಿದ್ದೆ?

ಅವತ್ತು ನುಡಿಸಿದ್ದು ಬೇಥೋವನ್‌ನ ಏಳನೆಯ ಸಿಂಫೊನಿ. ಮೊದಲ ಭಾಗ ಹೊಳೆಯ ಹಾಗೆ ಉಕ್ಕಿ ನಿಂತಾಗ ನನ್ನ ಕೈ ತಡೆಯಲಿಲ್ಲ, ಚಪ್ಪಾಳೆ ತಟ್ಟಿಬಿಟ್ಟೆ. ಇಡೀ ಸಭೆ ಸುಮ್ಮನಿತ್ತು. ಮಗ ಮೆಲ್ಲಗೆ ಕೈ ಹಿಡಿದು, “ಈಗ ಹೊಡಿಬ್ಯಾಡವ್ವ, ನಾಕೂ ಭಾಗ ಮುಗೀಲಿ” ಅಂದ. ನೆಲಕ್ಕಿಳಿದುಹೋದೆ. ಕಂಪ್ಲಿಯಲ್ಲಿ ಅವ್ವನ ತೊಡೆಯ ಮೇಲೆ ಕೂತು ಕಂಪನಿ ನಾಟಕ ನೋಡಿದವಳು ನಾನು. ಹಾಡು ಹಿಡಿಸಿದರೆ ಜನ “ಒನ್ಸ್ ಮೋರ್” ಎಂದು ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುತ್ತಿತ್ತು. ಮೆಚ್ಚಿದ್ದನ್ನು ಆಗಲೇ ಹೇಳುವುದೇ ನಮ್ಮಲ್ಲಿ ಮರ್ಯಾದೆ.

ಆಮೇಲೆ ಓದಿ ತಿಳಿದೆ. 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ನಡೆದ ಕಛೇರಿಯಲ್ಲಿ ಈ ಸಿಂಫೊನಿಯನ್ನು ಮೊದಲು ನುಡಿಸಿದಾಗ, ಎರಡನೆಯ ಭಾಗ ಮುಗಿಯುತ್ತಲೇ ಜನ ಬಿಡಲಿಲ್ಲವಂತೆ. ಅದನ್ನೇ ಮತ್ತೊಮ್ಮೆ ನುಡಿಸಬೇಕಾಯಿತು. ಕಂಪ್ಲಿಯ ಟೆಂಟಿನ ಜನ ಅಲ್ಲಿಯೂ ಇದ್ದರು! ನನ್ನ ನಾಚಿಕೆಯನ್ನು ಅವತ್ತಿಗೆ ಕೈಬಿಟ್ಟೆ. ಆದರೆ ಆ ಸುಮ್ಮನಿರುವಿಕೆಯ ಮೇಲಿನ ಗೌರವವನ್ನು ಬಿಡಲಿಲ್ಲ, ಅದಕ್ಕೂ ಕಾರಣವಿದೆ.

ಆ ಎರಡನೆಯ ಭಾಗದ ಮುಖ್ಯ ನಡೆ ಶುರುವಾಗುವುದು ತಗ್ಗಿದ ದನಿಯ ತಂತಿವಾದ್ಯಗಳಿಂದ. ಸ್ವರ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿರುತ್ತದೆ, ನಡೆಯುವುದು ಲಯ ಮಾತ್ರ. ಮೂವತ್ತು ವರ್ಷ ಮಕ್ಕಳಿಗೆ ಛಂದಸ್ಸು ಕಲಿಸಿದ ನನ್ನ ಬೆರಳು ತಾನಾಗಿ ಎಣಿಸಿತು: ಗುರು, ಲಘು, ಲಘು, ಗುರು, ಗುರು. ಒಂದು ಭಗಣ, ಅದರ ಬೆನ್ನಿಗೆ ಎರಡು ಗುರು. ಭಾರ ಹೊತ್ತವರ ನಡಿಗೆ ಅದು. ಒಂದೊಂದೇ ಗುಂಪು ಬಂದು ಆ ಭಾರಕ್ಕೆ ಹೆಗಲು ಕೊಟ್ಟಿತು. ಕಿವಿ ಬಹುತೇಕ ಕೈಬಿಟ್ಟಿದ್ದ ಮನುಷ್ಯ ಬರೆದದ್ದು. ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಎಲ್ಲಕ್ಕಿಂತ ಸಣ್ಣ ದನಿ ಕೊನೆಯ ಸಾಲಿಗೆ ಮುಟ್ಟಿದ್ದು, ನಾವಷ್ಟೂ ಜನ ನಮ್ಮ ನಮ್ಮ ಸದ್ದನ್ನು ತಡೆಹಿಡಿದು ದಾರಿ ಬಿಟ್ಟಿದ್ದರಿಂದ. ಕೇಳುವವರೂ ಆ ವಾದ್ಯಮೇಳದಲ್ಲಿ ಒಂದು ವಾದ್ಯ, ವಿಠಲಾ. ಮನೆಯಲ್ಲಿ ರೆಕಾರ್ಡು ಹಾಕಿಕೊಂಡು ಕೂತವಳಿಗೆ ಇದು ತಿಳಿದಿರಲಿಲ್ಲ.

ಮೈಸೂರಿನ ಜಯಚಾಮರಾಜ ಒಡೆಯರನ್ನು ಆಗ ನೆನೆದೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ದೊರೆ, ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯಮೇಳಕ್ಕೂ ಆಸರೆಯಾಗಿದ್ದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿದ್ದು ಅವರು ಕೊಟ್ಟ 4,800 ಡಾಲರಿನ ಭರವಸೆಯಿಂದ. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿಕೊಟ್ಟರು. ದೊರೆ ಮಾತ್ರ ಅಲ್ಲಿರಲಿಲ್ಲ. ಅವರಿಗೆ ಮೈಸೂರಿಗೆ ಹೋದದ್ದು ರೆಕಾರ್ಡು. ಅರಮನೆಯಲ್ಲಿ ಕೂತು ಅದನ್ನು ಕೇಳುವಾಗ, ಆ ಹಾಲಿನ ಜನರ ಮೌನಕ್ಕಾಗಿ ಅವರ ಜೀವ ಹಂಬಲಿಸಿತೇ? ಅವರು ಕುಳಿತು ಕೇಳಲಾಗದೆ ಹೋದ ಆ ಬಗೆಯ ಸಂಜೆಯನ್ನು ಒಬ್ಬ ಮೇಷ್ಟ್ರಮ್ಮನಿಗೆ ಕೊಟ್ಟೆಯಲ್ಲ. ಈ ಋಣ ದೊಡ್ಡದು.

ಈಗ ಬೇಡಿಕೆ ಹೇಳುತ್ತೇನೆ.

ನಮ್ಮ ಕಡೆ ಸದ್ದು ವಿಪರೀತವಾಗಿದೆ. ನನ್ನಣ್ಣ ಸಂಡೂರಿನಿಂದ ಅದಿರಿನ ಲಾರಿ ಓಡಿಸಿದವನು. ಕೆಂಪು ಧೂಳು ಮೈಯಿಂದ ತೊಳೆದುಹೋಯಿತು, ಎಂಜಿನ್ನಿನ ಮೊರೆತ ಅವನ ಕಿವಿಯಿಂದ ಹೋಗಲಿಲ್ಲ. ಮದುವೆಗೆ ಹೋದರೆ ಎದೆಗೆ ಗುದ್ದುವ ಡಿಜೆ. ಪಕ್ಕದವರ ಯೋಗಕ್ಷೇಮ ಕೇಳಲು ಹೊರಗೆ ಬರಬೇಕು. ಯಾರನ್ನೂ ದೂರುತ್ತಿಲ್ಲ. ಮೆಲುದನಿ ಕೇಳುವುದೇ ಇಲ್ಲವೆಂದು ನಾವೆಲ್ಲ ಹೆದರಿದ್ದೇವೆ, ಆ ಹೆದರಿಕೆ ತೆಗೆ. ಕಂಪ್ಲಿಯಲ್ಲಿ ಭತ್ತ ನಾಟಿ ಮಾಡುವ ಹೆಂಗಸರು, ಸಂಡೂರಿನಲ್ಲಿ ಕಸೂತಿ ಹಾಕುವ ಲಂಬಾಣಿ ಅಕ್ಕಂದಿರು ಬದುಕಿನಲ್ಲಿ ಒಮ್ಮೆಯಾದರೂ ಅಂಥ ಶ್ರುತಿ ಸೇರುವ ಕ್ಷಣದ ಮುಂದೆ ಕೂರಲಿ. ಮುಂಬೈಗೆ ಹೋಗಲು ಎಲ್ಲರಿಗೂ ಮಗನಿರುವುದಿಲ್ಲ. ಬಯಲಲ್ಲಿ ಪಿಟೀಲು ಕೇಳಿಸದು, ಬಲ್ಲೆ. ಅದಕ್ಕೆ ತಕ್ಕ ಒಂದು ಸಭಾಂಗಣ ನಮ್ಮ ಜಿಲ್ಲೆಗೂ ಕೊಡು.

ಅದು ಆಗುವವರೆಗೆ ಹೊಳೆ ದಂಡೆಯ ಪುರಂದರ ಮಂಟಪವಿದೆ. ಡ್ಯಾಮಿನ ಗೇಟು ಎತ್ತಿ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗಿ, ಮತ್ತೆ ಕೆಸರು ಮೆತ್ತಿಕೊಂಡು ಎದ್ದು ನಿಲ್ಲುತ್ತದೆ. ಪುಷ್ಯ ಅಮಾವಾಸ್ಯೆಗೆ ದಾಸರ ಆರಾಧನೆ. ಈ ಸಲ ಅವ್ವನನ್ನೂ ಕರೆತರುತ್ತೇನೆ. ಅವಳಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ. ಬಲಗಡೆ ಹಾಡುವವರಿರುವಂತೆ ಕೂರಿಸುತ್ತೇನೆ. ತಂಬೂರಿ ಶ್ರುತಿಗೆ ಬರುವಷ್ಟು ಹೊತ್ತು ಯಾರೂ ಮಾತಾಡದ ಹಾಗೆ ನೀನು ನೋಡಿಕೋ.