ತೆರಿಗೆ ಉಳಿಸುವ ದಾನವೂ ದಾನವೇ?

ದಾನ ಮಾಡಿದವನಿಗೆ ಅದರಿಂದ ಲಾಭವೂ ದೊರೆತರೆ ಆ ದಾನದ ಮೌಲ್ಯ ಕುಂದುವುದೇ? ಈ ಹಳೆಯ ಪ್ರಶ್ನೆಯನ್ನು ಅಮೆರಿಕದ ತೆರಿಗೆ ಕಾನೂನು ಹೊಸ ರೂಪದಲ್ಲಿ ನಮ್ಮ ಮುಂದಿಡುತ್ತದೆ. ಮಕ್ಕಳು ಆ ನಾಡಿನಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ನಡುವೆಯೂ ಇರುವುದರಿಂದ ಈ ವಿಚಾರ ನಮಗೆ ತೀರಾ ದೂರದ್ದಲ್ಲ.

ಅಲ್ಲಿ ದುಡಿಯುವವರು ವೃದ್ಧಾಪ್ಯಕ್ಕೆಂದು 'ಐಆರ್‌ಎ' ಎಂಬ ನಿವೃತ್ತಿ ಖಾತೆಯಲ್ಲಿ ಹಣ ಕೂಡಿಡುವುದುಂಟು. ಸಾಂಪ್ರದಾಯಿಕ ಖಾತೆಯಲ್ಲಿ ಇಡುವಾಗ ಸಾಮಾನ್ಯವಾಗಿ ತೆರಿಗೆಯಿಲ್ಲ, ತೆಗೆಯುವಾಗ ಉಂಟು. 73 ವರ್ಷ ತುಂಬಿದವರು, ಬೇಕಿರಲಿ ಬೇಡದಿರಲಿ, ಪ್ರತಿ ವರ್ಷ ಇಂತಿಷ್ಟು ಹಣವನ್ನು ತೆಗೆಯಬೇಕು. 2006ರ ಕಾನೂನೊಂದು ಇಲ್ಲಿ ಬೇರೊಂದು ದಾರಿ ತೆರೆಯಿತು. 2015ರಲ್ಲಿ ಅದು ಶಾಶ್ವತವಾಯಿತು. ಎಪ್ಪತ್ತೂವರೆ ವರ್ಷ ತುಂಬಿದವರು ಖಾತೆಯಿಂದ ನೇರವಾಗಿ ಅಲ್ಲಿನ ಅರ್ಹ ದತ್ತಿಸಂಸ್ಥೆಗೆ ಹಣ ಕಳುಹಿಸಿದರೆ ಅದು ಅವರ ಆದಾಯವೆಂದು ಗಣನೆಯಾಗದು. ಕಡ್ಡಾಯವಾಗಿ ತೆಗೆಯಬೇಕಾದ ಮೊತ್ತಕ್ಕೂ ಜಮೆಯಾಗುತ್ತದೆ. 2025ರಲ್ಲಿ ಇದರ ವಾರ್ಷಿಕ ಮಿತಿ 1,08,000 ಡಾಲರ್.

ಶೇಕಡಾ 22ರ ದರದಲ್ಲಿ ತೆರಿಗೆ ಕಟ್ಟುವ ಹಿರಿಯರೊಬ್ಬರು 10,000 ಡಾಲರ್ ತೆಗೆದರೆ ತೆರಿಗೆ ಕಳೆದು ಉಳಿಯುವುದು 7,800. ನೇರವಾಗಿ ಕಳುಹಿಸಿದರೆ ಹತ್ತು ಸಾವಿರವೂ ಬಡವರ ಪಾಲಿಗೆ ತಲುಪುತ್ತದೆ. ಆದರೆ ಆ ಕೊಡುಗೆಗೆ ಪ್ರತಿಯಾಗಿ ಸಂಸ್ಥೆಯಿಂದ ಒಂದು ಔತಣದ ಟಿಕೆಟು ಪಡೆದರೂ ವಿನಾಯಿತಿ ತಪ್ಪುತ್ತದೆ. ಕೊಟ್ಟು ಪಡೆಯುವುದು ವ್ಯಾಪಾರ, ದಾನವಲ್ಲ ಎಂಬ ವಿವೇಕ ಇಲ್ಲಿ ಕಾನೂನಿಗೂ ಇದೆ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ತೆರಿಗೆಯೂ ಸಮಾಜದ ಪಾಲೇ. ರಸ್ತೆ, ಶಾಲೆ, ಆಸ್ಪತ್ರೆಗಳು ಅದರಿಂದಲೇ ನಡೆಯುತ್ತವೆ. ತೆರಿಗೆ ಸಲ್ಲಿಸುವುದು ನೈತಿಕ ಹೊಣೆಯೆಂದು ಧರ್ಮಸಭೆಯೂ ಬೋಧಿಸುತ್ತದೆ. ಹಾಗಾದರೆ ಉಳಿಸಿದ ತೆರಿಗೆ ಇನ್ನೊಬ್ಬರಿಂದ ಕಸಿದದ್ದಲ್ಲವೇ? ಹಾಗೆನ್ನಲಾಗದು. ತೆರಿಗೆ ವಂಚಿಸುವವನು ಹಣವನ್ನು ತನಗಾಗಿ ಬಚ್ಚಿಡುತ್ತಾನೆ. ಇಲ್ಲಿ ಹಣವೆಲ್ಲವೂ ದಾನಿಯ ಕೈಬಿಟ್ಟು ಹೋಗುತ್ತದೆ. ಸಮಾಜವೇ ಕಾನೂನಿನ ಮೂಲಕ ಅದಕ್ಕೆ ಸಮ್ಮತಿಸಿದೆ. ವಿನಾಯಿತಿಯನ್ನು ಬಳಸುವುದು ಪಾಪವಲ್ಲ; ಜಾಣ್ಮೆಯಿಂದ ಕೊಡುವುದು ಕೊಡುವುದಕ್ಕೆ ವಿರೋಧವೂ ಅಲ್ಲ.

ನಿಜವಾದ ಅಪಾಯ ಇರುವುದು ಬೇರೆಡೆ. ದೇವರಿಗೆ ಅರ್ಪಿತವೆಂದು ಹೇಳಿ ಸ್ವಂತ ತಂದೆತಾಯಿಗಳ ಪೋಷಣೆಯಿಂದ ನುಣುಚಿಕೊಳ್ಳುವವರನ್ನು ಯೇಸುಸ್ವಾಮಿ ಖಂಡಿಸಿದರೆಂದು ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯ ತಿಳಿಸುತ್ತದೆ. ನಿವೃತ್ತಿಯ ಹಣವೆಂದರೆ ಪತಿಪತ್ನಿಯರಿಬ್ಬರ ಮುಪ್ಪಿನ ಆಸರೆ. ಬಾಳಸಂಗಾತಿಯ ಔಷಧದ ಖರ್ಚನ್ನು ಮರೆತು, ತೆರಿಗೆ ಉಳಿಯುತ್ತದೆಂಬ ಆಸೆಗೆ ಕೊಟ್ಟರೆ ಆ ದಾನಕ್ಕೆ ಬೆಲೆ ತೆರುವವರು ಮನೆಯವರು.

ಇನ್ನೊಂದು ಅಪಾಯ, ಲೆಕ್ಕ ಮೊದಲಾಗಿ ಕರುಣೆ ಹಿಂದಾಗುವುದು. ನಮ್ಮ ದೇಶದಲ್ಲೂ ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ, ಹಳೆಯ ಪದ್ಧತಿಯಲ್ಲಿರುವಂತೆ ದಾನಕ್ಕೆ ತೆರಿಗೆ ಕಡಿತವಿಲ್ಲ. ರಸೀದಿಯಿಂದ ಪ್ರಯೋಜನವಿಲ್ಲವೆಂದ ಮೇಲೆ ನಮ್ಮ ಕೈ ಬಿಗಿಯಾಯಿತೇ? ಆಗಿದ್ದರೆ, ನಾವು ಅದುವರೆಗೆ ಕೊಡುತ್ತಿದ್ದುದು ಬಡವನಿಗಲ್ಲ, ನಮಗೇ. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಗೆ ಯಾವ ವಿನಾಯಿತಿಯೂ ಇರಲಿಲ್ಲ. ಇದ್ದಿದ್ದರೂ ಆಕೆ ಅಷ್ಟನ್ನೇ ಹಾಕುತ್ತಿದ್ದಳು; ಆಕೆಯಲ್ಲಿ ಇದ್ದುದೇ ಅಷ್ಟು.

ಕಾನೂನು ಕೊಡುವ ಅನುಕೂಲವನ್ನು ಕೃತಜ್ಞತೆಯಿಂದ ಬಳಸೋಣ. ಉಳಿದ ತೆರಿಗೆಯ ಒಂದು ಪಾಲನ್ನೂ ಇಲ್ಲದವರಿಗೆ ಸೇರಿಸೋಣ. ಅನುಕೂಲ ಇಲ್ಲವಾದ ದಿನವೂ ನಮ್ಮ ಕೈ ತೆರೆದೇ ಇರಲಿ.