ಉಪವಾಸವೂ ಅನ್ನಪಾನನಿರೋಧವೂ

ಹಸಿವು ಎಂಬುದು ಎಲ್ಲ ಜೀವಿಗಳಿಗೂ ಒಂದೇ. ಆದರೆ ಅದನ್ನು ತಾನಾಗಿ ವರಿಸಿದವನಿಗೆ ತಪಸ್ಸಾಗುತ್ತದೆ, ಪರರಿಂದ ಹೇರಿಸಿಕೊಂಡವನಿಗೆ ಪೀಡೆಯಾಗುತ್ತದೆ. ಚತುರ್ದಶಿಯಂದು ಪ್ರೋಷಧೋಪವಾಸವನ್ನು ಕೈಗೊಂಡ ಶ್ರಾವಕನು ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕುವುದನ್ನು ಮರೆತು ಬಸದಿಗೆ ಹೋದರೆ, ಆ ಮನೆಯಲ್ಲಿ ಅಂದು ಎರಡು ಉಪವಾಸಗಳು ನಡೆದಂತಾಯಿತು; ಒಂದು ವ್ರತ, ಮತ್ತೊಂದು ವ್ರತದ ಅತಿಚಾರ. ಇದನ್ನು ಒಪ್ಪದವರು ಯಾರೂ ಇಲ್ಲ. ಆದರೆ ಆ ಹಸುವು ನಮ್ಮ ಕೊಟ್ಟಿಗೆಯಲ್ಲಿರದೆ, ನಾವೇ ಪುಣ್ಯಬುದ್ಧಿಯಿಂದ ಒಪ್ಪಿಸಿ ಬಂದ ಗೋಶಾಲೆಯಲ್ಲಿ ಹಸಿದು ನಿಂತಿದ್ದರೆ ಆ ದೋಷವು ಯಾರಿಗೆ ಸಲ್ಲುತ್ತದೆ? ಈ ಪ್ರಶ್ನೆಯನ್ನು ಧರ್ಮಬಂಧುಗಳ ಮುಂದಿಡಬೇಕೆಂದು ಬಹುಕಾಲದಿಂದ ಮನಸ್ಸಿನಲ್ಲಿತ್ತು.

ಪ್ರಶ್ನೆ ಹುಟ್ಟಿದ್ದು ನನ್ನ ತಪ್ಪಿನಿಂದಲೇ. ಕೆಲವು ವರ್ಷಗಳ ಹಿಂದೆ ಅನಂತಚತುರ್ದಶಿಯ ಉಪವಾಸವನ್ನು ಪೂರೈಸಿ ಪಾರಣೆ ಮಾಡಿದ ಮರುದಿನ, ನಮ್ಮ ಮನೆಯಲ್ಲಿ ಹುಟ್ಟಿದ್ದ ಮಿಶ್ರತಳಿಯ ಗಂಡುಕರುವೊಂದನ್ನು ಟೆಂಪೋದಲ್ಲಿ ಏರಿಸಿಕೊಂಡು ಗೋಶಾಲೆಯೊಂದಕ್ಕೆ ಹೊರಟೆನು. ಜೊತೆಗೆ ಒಂದು ಸಾವಿರ ರೂಪಾಯಿ ಕಾಣಿಕೆಯನ್ನೂ ಇಟ್ಟುಕೊಂಡಿದ್ದೆನು. ಜೀವದಯೆಯ ಕಾರ್ಯವೊಂದು ಪರ್ವದ ಸಮಯದಲ್ಲಿಯೇ ಒದಗಿ ಬಂದುದಕ್ಕೆ ಮನಸ್ಸು ಹಿಗ್ಗಿತ್ತು. ಬಾಗಿಲಲ್ಲಿ ಇದ್ದ ವೃದ್ಧರು, “ಸ್ವಾಮಿ, ಕರುವನ್ನು ಇಳಿಸುವ ಮುಂಚೆ ಒಮ್ಮೆ ಒಳಗೆ ಬಂದು ನೋಡಿ” ಎಂದರು. ಒಳಗೆ ಹಸುಗಳಿಗೆ ಮಲಗಲು ಸ್ಥಳವಿರಲಿಲ್ಲ. ಬಲವುಳ್ಳವು ಮೇವಿನ ತೊಟ್ಟಿಗೆ ಅಡ್ಡ ನಿಂತಿದ್ದವು. ಮುದಿಯವೂ ಎಳೆಯವೂ ಹಿಂದೆ ಉಳಿದಿದ್ದವು. ಮೂಲೆಯಲ್ಲಿ ಒಂದು ಕರು ಕೆಸರಿನಲ್ಲಿ ಬಿದ್ದಿತ್ತು, ಏಳಲಾರದು. “ನೀವು ಉಪವಾಸ ಮಾಡಿ ಪಾರಣೆ ಮುಗಿಸಿ ಬಂದಿದ್ದೀರಿ. ಇವು ಎಷ್ಟು ದಿನದಿಂದ ಅರೆಹೊಟ್ಟೆಯಲ್ಲಿವೆಯೋ ಲೆಕ್ಕ ಇಟ್ಟವರಿಲ್ಲ. ನಿಮ್ಮದನ್ನು ಸೇರಿಸಿಕೊಂಡರೆ ಇವುಗಳ ಬಾಯಿಂದ ಕಿತ್ತು ಅದಕ್ಕೆ ಕೊಡಬೇಕು” ಎಂದು ಅವರು ಹೇಳಿದರು.

ನನಗೆ ಕೋಪ ಬಂದಿತು. ದಯೆಯ ಬಾಗಿಲಲ್ಲಿ ಕುಳಿತು ಇಲ್ಲವೆನ್ನುವುದು ಎಂತಹ ಧರ್ಮವೆಂದು ಕೇಳಿ, ಕರುವಿನೊಡನೆ ಹಿಂದಿರುಗಿದೆನು. ಆ ಕೋಪವು ನ್ಯಾಯವಾದುದಲ್ಲವೆಂದು ತಿಳಿಯಲು ಬಹಳ ದಿನಗಳು ಬೇಕಾದವು.

ನಮ್ಮ ಸೀಮೆಯ ಸ್ಥಿತಿಯನ್ನು ನೆನೆಯಿರಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ನಂದಿಯ ಸುತ್ತಣ ಬೆಟ್ಟಗಳಲ್ಲಿ ಹಲವು ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳು ಊರೂರಿನಲ್ಲಿವೆ. ಇಂತಹ ಒಣಭೂಮಿಯಲ್ಲಿ ಮನೆತನಗಳನ್ನು ಕಾಪಾಡಿದವು ರೇಷ್ಮೆ ಮತ್ತು ಹಾಲು. ಹಾಲಿಗಾಗಿ ಹಳ್ಳಿಕಾರ್ ಹಸುವಿನ ಸ್ಥಾನದಲ್ಲಿ ಹಾಲ್‌ಸ್ಟೀನ್ ಮತ್ತು ಜರ್ಸಿ ಮಿಶ್ರತಳಿಗಳು ಬಂದವು. ಹಳ್ಳಿಕಾರ್ ತಳಿಯ ಹೋರಿಗರುವಿಗೆ ನೊಗವಿತ್ತು, ಬಂಡಿಯಿತ್ತು, ದನಗಳ ಜಾತ್ರೆಯಲ್ಲಿ ಬೆಲೆಯಿತ್ತು. ಮಿಶ್ರತಳಿಯ ಗಂಡುಕರುವಿಗೆ ಬಿಸಿಲಿನಲ್ಲಿ ದುಡಿಯುವ ಶಕ್ತಿ ಕಡಿಮೆ; ಉಳುಮೆಯು ಟ್ರ್ಯಾಕ್ಟರಿನ ಪಾಲಾಯಿತು. ಹೀಗೆ ಹುಟ್ಟಿದ ದಿನವೇ ಯಾರಿಗೂ ಬೇಡವಾದ ಜೀವವೊಂದು ಪ್ರತಿ ಹಾಲಿನ ಮನೆಯಲ್ಲಿಯೂ ಕಾಣಿಸಿಕೊಂಡಿತು. ಪಾರಣೆಯ ದಿನ ನಾವು ಕುಡಿಯುವ ಹಾಲಿನ ಹಿಂದೆ ಆ ಕರು ನಿಂತಿದೆ.

ಕರ್ನಾಟಕದ 1964ರ ಗೋಹತ್ಯಾ ನಿಷೇಧದ ಕಾಯಿದೆಯು ವಯಸ್ಸಾದ ಎತ್ತು ಹೋರಿಗಳಿಗೆ ರಕ್ಷಣೆ ನೀಡಿರಲಿಲ್ಲ. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನುಳಿದು ಎಲ್ಲ ಜಾನುವಾರುಗಳ ವಧೆಯನ್ನೂ ನಿಷೇಧಿಸಿತು. ಅಹಿಂಸಾಪ್ರಿಯರಾದ ನಾವು ಸಂತೋಷಪಟ್ಟೆವು. ಆದರೆ ಕೊಲ್ಲಬಾರದೆಂಬ ಆಜ್ಞೆಯು ಮೇವನ್ನು ಬೆಳೆಯುವುದಿಲ್ಲ. ಬೆಳೆದ ಹಸುವೊಂದಕ್ಕೆ ದಿನಕ್ಕೆ ಸುಮಾರು 5 ಕಿಲೋ ಒಣಹುಲ್ಲು, 15ರಿಂದ 20 ಕಿಲೋ ಹಸಿಮೇವು, 40ರಿಂದ 60 ಲೀಟರ್ ನೀರು ಬೇಕು. ನೂರು ಹಸುಗಳ ಗೋಶಾಲೆಗೆ ದಿನವೂ ಐದು ಕ್ವಿಂಟಾಲ್ ಒಣಹುಲ್ಲು, ಹದಿನೈದು ಕ್ವಿಂಟಾಲ್ ಹಸಿಮೇವು, ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ 2023ರಂತಹ ವರ್ಷದಲ್ಲಿ ಇಷ್ಟನ್ನು ಎಲ್ಲಿಂದ ತರುವುದು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದೆಂದು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರುಗಳನ್ನು ತಡೆಯುವುದು. ಇವುಗಳಲ್ಲಿ ಕೊಲೆಯಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿಯ ವಧವೆಂದರೆ ತಾಡನ, ಪ್ರಾಣಹರಣವಲ್ಲ. ಕೊಲ್ಲದೆಯೇ ವ್ರತವನ್ನು ಕೆಡಿಸುವ ಬಗೆಗಳನ್ನು ಆಚಾರ್ಯರು ಎಣಿಸಿದ್ದಾರೆ. ಈಗ ಕಿಕ್ಕಿರಿದ ಗೋಶಾಲೆಯನ್ನು ನೋಡಿರಿ. ಅಲುಗಾಡಲು ಎಡೆಯಿಲ್ಲದ ಬಂಧವು ಅಲ್ಲಿದೆ. ಮೇವು ಸಾಲದ ಅನ್ನಪಾನನಿರೋಧವು ಅಲ್ಲಿದೆ. ಸಂಖ್ಯೆ ಹೆಚ್ಚಿದಂತೆಲ್ಲ ನಾವು ಹೆಮ್ಮೆಪಡುವ ಆ ಸ್ಥಳವು, ಮಿತಿ ಮೀರಿದ ಕ್ಷಣದಿಂದ ಅತಿಚಾರದ ಸ್ಥಳವಾಗುತ್ತದೆ. ಅದರಲ್ಲಿ ದುಡಿಯುವವರಿಗಿಂತ, ಪ್ರಾಣಿಯನ್ನು ತಂದು ಬಿಟ್ಟು ಹಿಂದಿರುಗಿ ನೋಡದವರ ಪಾಲೇ ಅಲ್ಲಿ ಹೆಚ್ಚಿನದು.

ಜನ್ನಕವಿಯ ಯಶೋಧರಚರಿತೆಯ ಕಥೆಯನ್ನು ನಮ್ಮ ಮನೆಗಳಲ್ಲಿ ಜೀವದಯಾಷ್ಟಮಿಯಂದು ನೆನೆಯುತ್ತೇವೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ನವೆದರು. ಅಲ್ಲಿ ಪ್ರಾಣಿಯಿರಲಿಲ್ಲ, ಸಂಕಲ್ಪವಿತ್ತು. ನಮ್ಮಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಆದರೆ ನರಳುವ ಪ್ರಾಣಿಯಿದೆ. ಹಾಗೆಂದು ನಾವು ಪಾರಾದೆವೆ? ಪ್ರಮಾದದಿಂದ ಪ್ರಾಣಕ್ಕೆ ಘಾತವೊದಗಿಸುವುದೇ ಹಿಂಸೆಯೆಂದು ಶಾಸ್ತ್ರವು ಹೇಳಿರುವಾಗ, ತಂದುಬಿಟ್ಟು ಮರೆಯುವುದಕ್ಕಿಂತ ದೊಡ್ಡ ಪ್ರಮಾದ ಯಾವುದು?

ಇಲ್ಲಿ ಒಂದು ಶಂಕೆ. ‘ಹೀಗೆ ನರಳುವುದಕ್ಕಿಂತ ನೋವಿಲ್ಲದ ಮರಣವನ್ನು ಕೊಡುವುದೇ ದಯೆಯಲ್ಲವೆ? ಪಾಶ್ಚಾತ್ಯ ದೇಶಗಳಲ್ಲಿ ಹಾಗೆಯೇ ಮಾಡುತ್ತಾರಲ್ಲ?’ ಈ ಮಾತನ್ನು ವಿದ್ಯಾವಂತರಾದ ನಮ್ಮ ಯುವಕರೂ ಆಡುತ್ತಾರೆ. ಅವರನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ಇದಕ್ಕೆ ಸಮಾಧಾನವು ಹೊಸತೇನಲ್ಲ. ಹತ್ತನೆಯ ಶತಮಾನದ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ವಾದವನ್ನು ಎತ್ತಿಕೊಂಡು, ಬಹುದುಃಖದಲ್ಲಿರುವ ಜೀವಿಯು ಬೇಗ ದುಃಖದಿಂದ ಬಿಡುಗಡೆ ಹೊಂದಲೆಂದು ಅದನ್ನು ಕೊಲ್ಲಲಾಗದು ಎಂದು ನಿರಾಕರಿಸಿದ್ದಾರೆ. 2015ರಲ್ಲಿ ರಾಜಸ್ಥಾನದ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದಾಗ ನಾವೆಲ್ಲರೂ ಏನೆಂದು ವಾದಿಸಿದೆವು? ಅದು ಸ್ವೇಚ್ಛೆಯಿಂದ, ಜ್ಞಾನಪೂರ್ವಕವಾಗಿ, ಕಷಾಯಗಳನ್ನು ಕೃಶಗೊಳಿಸುತ್ತ ಸ್ವೀಕರಿಸುವ ವ್ರತವೆಂದಲ್ಲವೆ? ಸುಪ್ರೀಂ ಕೋರ್ಟು ಅದೇ ವರ್ಷ ಆ ತೀರ್ಪಿಗೆ ತಡೆ ನೀಡಿತು. ಸ್ವೇಚ್ಛೆಯೇ ಸಲ್ಲೇಖನದ ಪ್ರಾಣವಾದರೆ, ಇಚ್ಛೆಯನ್ನು ತಿಳಿಸಲಾರದ ಮೂಕಪ್ರಾಣಿಗೆ ನಾವು ಮರಣವನ್ನು ನಿಶ್ಚಯಿಸುವುದು ಹೇಗೆ? ಅದರಲ್ಲಿಯೂ ರೋಗವೇ ಇಲ್ಲದೆ, ಸ್ಥಳ ಸಾಲದೆಂಬ ಕಾರಣದಿಂದ?

ಜೀವಂಧರಸ್ವಾಮಿಯ ಕಥೆಯು ಇಲ್ಲಿ ದಾರಿ ತೋರುತ್ತದೆ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯೊಂದನ್ನು ಕಂಡ ರಾಜಕುಮಾರನು ಅದನ್ನು ಕೊಂದು ನೋವನ್ನು ನೀಗಿಸಲಿಲ್ಲ, ಬಿಟ್ಟೂ ಹೋಗಲಿಲ್ಲ. ಬಳಿಯಲ್ಲಿ ಕುಳಿತು ಪಂಚನಮಸ್ಕಾರ ಮಂತ್ರವನ್ನು ಅದರ ಕಿವಿಯಲ್ಲಿ ಹೇಳಿದನು. ಆ ಜೀವವು ಯಕ್ಷನಾಗಿ ಹುಟ್ಟಿ ಅವನಿಗೆ ಉಪಕಾರಿಯಾಯಿತು. ಬಳಿಯಲ್ಲಿ ಕುಳಿತುಕೊಳ್ಳುವುದು ಸುಲಭವಲ್ಲ. ಇಂದು ಅದಕ್ಕೆ ನೋವು ಶಮನದ ಔಷಧ, ಮೆತ್ತನೆಯ ಹಾಸು, ಪಶುವೈದ್ಯರ ಸೇವೆ ಇವೆಲ್ಲವೂ ಸೇರಬೇಕು. ಕೊಲ್ಲಲಾಗದೆಂದು ಹೇಳುವವನು ಈ ಹೊಣೆಯನ್ನು ಹೊರಲೇಬೇಕು. ಇಲ್ಲದಿದ್ದರೆ ಅವನ ಅಹಿಂಸೆಯ ಬೆಲೆಯನ್ನು ಪ್ರಾಣಿಯು ತೆರುತ್ತದೆ.

ಪಾಶ್ಚಾತ್ಯರ ಮಾತನ್ನೂ ಪೂರ್ಣವಾಗಿ ಕೇಳೋಣ. ಅಮೆರಿಕದಲ್ಲಿ 1970ರ ಸುಮಾರಿಗೆ ಆಶ್ರಯಗೃಹಗಳಲ್ಲಿ ವರ್ಷಕ್ಕೆ ಒಂದು ಕೋಟಿಗೂ ಮಿಗಿಲಾಗಿ ನಾಯಿಬೆಕ್ಕುಗಳನ್ನು ಕೊಲ್ಲಲಾಗುತ್ತಿತ್ತೆಂದು ಅಂದಾಜು. ಈಚಿನ ವರ್ಷಗಳಲ್ಲಿ ಅದು ಹತ್ತು ಲಕ್ಷಕ್ಕಿಂತ ಕೆಳಗಿಳಿದಿದೆ. 1971ರಲ್ಲಿ ಲಾಸ್ ಏಂಜಲೀಸ್ ನಗರವು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅಲ್ಪವೆಚ್ಚದ ಚಿಕಿತ್ಸಾಲಯವನ್ನು ತೆರೆಯಿತು. ಅಂತಹವು ಹಬ್ಬಿದವು, ಜನರು ಆಶ್ರಯಗೃಹದ ಪ್ರಾಣಿಗಳನ್ನು ಮನೆಗೆ ಒಯ್ಯತೊಡಗಿದರು. ಕಟ್ಟಡಗಳನ್ನು ಹಿಗ್ಗಿಸಿದ್ದಕ್ಕಿಂತ, ಬಾಗಿಲಿಗೆ ಬರುವ ಅನಾಥಪ್ರಾಣಿಗಳನ್ನು ಕಡಿಮೆ ಮಾಡಿದ್ದೇ ಫಲ ಕೊಟ್ಟಿತು.

ನಮ್ಮ ದೇಶದಲ್ಲಿ ಬೀದಿನಾಯಿಗಳ ವಿಷಯದಲ್ಲಿ 2001ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ ಇದೇ ಮಾರ್ಗವನ್ನು ಹಿಡಿದವು: ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡುವುದು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಆಶ್ರಯಗೃಹಗಳಲ್ಲಿ ಇರಿಸಬೇಕೆಂದು ಆದೇಶಿಸಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಸಂಕಟವನ್ನು ಅಲ್ಲಗಳೆಯುವುದು ದಯೆಯಲ್ಲ. ಆದರೆ ಚಿಂತಾಮಣಿಯ ಬಸ್ ನಿಲ್ದಾಣದಿಂದಲೋ ಶಿಡ್ಲಘಟ್ಟದ ಶಾಲೆಯ ಅಂಗಳದಿಂದಲೋ ಒಯ್ದ ನಾಯಿಗೆ ಅನ್ನ ನೀರು ಯಾರ ಕೈಯಿಂದ ಎಂಬ ಪ್ರಶ್ನೆಯನ್ನು ಊರಿನ ದಯಾಳುಗಳು ಈಗಲೇ ಕೇಳಿಕೊಳ್ಳಬೇಕು. ಗೋಶಾಲೆಯ ಕಥೆಯೇ ಅಲ್ಲಿಯೂ ಮರುಕಳಿಸಬಾರದು.

ಮತ್ತೊಂದು ಶಂಕೆ. ‘ಸಂತಾನಹರಣವು ಛೇದವೆಂಬ ಅತಿಚಾರವಲ್ಲವೆ?’ ಇದು ನಮ್ಮ ಹಿರಿಯರಲ್ಲಿ ಅನೇಕರ ಅಳುಕು. ಅದು ಗೌರವಕ್ಕೆ ತಕ್ಕುದು. ನನ್ನ ಅಲ್ಪಮತಿಗೆ ತೋರುವುದು ಹೀಗೆ: ಕ್ರೋಧದಿಂದಲೋ ಲೋಭದಿಂದಲೋ ಅಂಗವನ್ನು ಕತ್ತರಿಸುವುದು ಛೇದ, ವೈದ್ಯನು ಅರಿವಳಿಕೆ ಕೊಟ್ಟು ಹಿತಬುದ್ಧಿಯಿಂದ ಮಾಡುವುದು ಅದೇ ಅಲ್ಲ. ಆದರೂ ಅದು ಸರ್ವಥಾ ನಿರ್ದೋಷವೆಂದು ನಾನು ಹೇಳಲಾರೆ. ಗೃಹಸ್ಥನ ಜೀವನದಲ್ಲಿ ಆರಂಭೀ ಹಿಂಸೆಯು ತಪ್ಪದು. ಅದನ್ನು ಕಡಿಮೆ ಮಾಡುವುದೇ ಅವನ ಸಾಧನೆ. ಹೆಣ್ಣುನಾಯಿ ಸುಮಾರು 63 ದಿನ ಗರ್ಭ ಧರಿಸಿ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಈಯಬಲ್ಲುದು. ಆ ಮರಿಗಳಲ್ಲಿ ಬಹುಪಾಲು ಹಸಿವಿನಿಂದಲೋ ರೋಗದಿಂದಲೋ ಚಕ್ರಕ್ಕೆ ಸಿಕ್ಕಿಯೋ ಸಾಯುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. ಒಂದು ಗಾಯ ಮತ್ತು ಅನೇಕ ಮರಣಗಳ ನಡುವೆ ನಿಂತವನು ಗಾಯವನ್ನು ಆರಿಸಿ, ಅದಕ್ಕೆ ಶುಶ್ರೂಷೆ ಮಾಡಿ, ಪ್ರತಿಕ್ರಮಣದಲ್ಲಿ ಅದನ್ನು ನೆನೆಯಲಿ. ಅವಸರದಿಂದ, ಶುಚಿಯಿಲ್ಲದೆ ಮಾಡಿದ ಶಸ್ತ್ರಚಿಕಿತ್ಸೆಯಾದರೋ ನಿಶ್ಚಯವಾಗಿ ಛೇದವೇ.

ಹಾಗಾದರೆ ಮಾಡತಕ್ಕುದೇನು? ನಮಗೆ ಹೊಸ ವ್ರತವೇನೂ ಬೇಕಿಲ್ಲ. ಪರಿಗ್ರಹಪರಿಮಾಣ ವ್ರತದಲ್ಲಿ ‘ಧನ’ವೆಂದರೆ ಗೋಧನವೆಂದು ಆಚಾರ್ಯರು ಅರ್ಥ ಹೇಳಿದ್ದಾರೆ. ಮನೆಯಲ್ಲಿ ಎಷ್ಟು ಹಸುಗಳಿಗೆ, ಅವುಗಳ ಗಂಡುಕರುಗಳಿಗೂ ಮುಪ್ಪಿಗೂ ಸೇರಿ, ಕಡೆಯವರೆಗೆ ಅನ್ನ ನೀಡಬಲ್ಲೆನೋ ಅಷ್ಟೇ ಇರಲಿ ಎಂದು ಪರಿಮಾಣವನ್ನು ಮಾಡಿಕೊಳ್ಳೋಣ. ಹೆಣ್ಣುಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯವು ಈಗ ದೊರೆಯುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಬಾರಿ ಹೆಣ್ಣೇ ಆಗುತ್ತದೆ. ಹೆಣ್ಣುಗಳನ್ನೂ ಮಿತಿಯಿಲ್ಲದೆ ಹೆಚ್ಚಿಸದಿದ್ದರೆ ಅದು ಪ್ರಯೋಜನಕಾರಿ. ಗೋಶಾಲೆಗಳೂ ಮೇವು ನೀರುಗಳಿಗೆ ತಕ್ಕ ಸಂಖ್ಯೆಯನ್ನು ನಿಶ್ಚಯಿಸಿಕೊಂಡು ಬಾಗಿಲಲ್ಲಿ ಬರೆದು ಹಾಕಲಿ. ಹೊಸದನ್ನು ಸೇರಿಸಲಾರದಾಗ, ತಂದ ಬಡ ರೈತನಿಗೆ ಅದನ್ನು ಮನೆಯಲ್ಲಿಯೇ ಸಾಕಲು ಹುಲ್ಲನ್ನೋ ಔಷಧವನ್ನೋ ಕೊಡಲಿ. ಪರ್ವದ ದಿನ ಅನ್ನ, ಬೆಲ್ಲಗಳನ್ನು ಹೊರೆಹೊರೆಯಾಗಿ ತಂದು ಸುರಿಯುವುದನ್ನು ಬಿಡೋಣ. ಅದರಿಂದ ದನಗಳ ಹೊಟ್ಟೆಯಲ್ಲಿ ಹುಳಿಯೇರಿ ಪ್ರಾಣವೇ ಹೋಗುವುದುಂಟು. ರಸಪರಿತ್ಯಾಗದಲ್ಲಿ ಹಾಲು ತುಪ್ಪಗಳನ್ನು ಬಿಟ್ಟ ದಿನಗಳ ಉಳಿತಾಯವನ್ನು ಕೂಡಿಟ್ಟು, ಮೇವು ದುಬಾರಿಯಾಗುವ ಬೇಸಗೆಯಲ್ಲಿ ಒಣಹುಲ್ಲಿಗಾಗಿ ಕೊಟ್ಟರೆ ನಮ್ಮ ಉಪವಾಸದ ಅನ್ನವು ಹಸಿದವರ ಬಾಯಿಗೆ ಸೇರುತ್ತದೆ. ನಾಯಿಯನ್ನು ಸಾಕಬೇಕೆನಿಸಿದವರು ಕೊಳ್ಳದೆ, ಆಶ್ರಯದಲ್ಲಿರುವ ನಾಡತಳಿಯ ಮರಿಯೊಂದನ್ನು ತರಲಿ.

ಅಂದು ಹಿಂದಕ್ಕೆ ತಂದ ಕರು ಈಗ ಬೆಳೆದು ದೊಡ್ಡದಾಗಿದೆ. ಅದರಿಂದ ಆದಾಯವಿಲ್ಲ, ಸಗಣಿಯು ತೋಟಕ್ಕೆ ಗೊಬ್ಬರವಾಗುತ್ತದೆ, ಅಷ್ಟೆ. ಅದು ಮನೆಯಲ್ಲಿರುವುದರಿಂದ ಎರಡನೆಯ ಹಸುವನ್ನು ಕೊಳ್ಳುವ ಯೋಚನೆಯನ್ನು ಬಿಟ್ಟೆನು. ಆ ವೃದ್ಧರ ಬಳಿಗೆ ಮತ್ತೊಮ್ಮೆ ಹೋಗಿ ಕ್ಷಮೆ ಕೇಳಿದಾಗ ಅವರು, “ಈ ಸಲ ಏನನ್ನೂ ಇಳಿಸುವುದಿಲ್ಲ ತಾನೆ?” ಎಂದು ನಕ್ಕರು. ಹುಲ್ಲಿನ ಹೊರೆಗಳನ್ನು ಇಳಿಸಿ ಬಂದೆನು.

ಬರುವ ಚತುರ್ದಶಿಯ ಉಪವಾಸಕ್ಕೆ ಪ್ರತ್ಯಾಖ್ಯಾನವನ್ನು ತೆಗೆದುಕೊಳ್ಳುವ ಮುನ್ನ, ನಮ್ಮ ಹೆಸರಿನಲ್ಲಿ ಎಲ್ಲಿಯಾದರೂ ಒಂದು ಜೀವವು ತನಗೆ ತಿಳಿಯದ ಉಪವಾಸವನ್ನು ಮಾಡುತ್ತಿದೆಯೇ ಎಂದು ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ವಿಚಾರಿಸಿಕೊಳ್ಳಲಿ. ಮೊದಲು ಅದರ ಪಾರಣೆಯಾಗಲಿ. ಅನಂತರ ನಮ್ಮ ವ್ರತ.